ಇನ್ನೊಂದು ಲೋಟ

ನಮ್ಮ ತಾತ ಗೌಡರ ಮುಂದೆ ನಿಂತು ಒಂದು ದಿನವೂ ‘ನಾನು’ ಅಂದವನಲ್ಲ. ‘ನಿಮ್ಮ ಆಳು ಬಂದವ್ನೆ ಸೋಮೀ’ ಅನ್ನುತ್ತಿದ್ದ. ಬಂದು ನಿಂತಿರುವವನು ತಾನೇ. ಆದರೂ ಯಾರೋ ಇನ್ನೊಬ್ಬನ ಸುದ್ದಿ ಮುಟ್ಟಿಸುವವನಂತೆ ಹೇಳಬೇಕು. ಮಾಲೂರು ಕಡೆಯ ನಮ್ಮ ಕೇರಿಯಲ್ಲಿ ಮನೆಯೊಳಗೆ ತೆಲುಗು, ಊರೊಳಗೆ ಕನ್ನಡ. ಎರಡು ಭಾಷೆ ಬಲ್ಲ ಮನುಷ್ಯನಿಗೆ ಎರಡರಲ್ಲೂ ಒಂದು ‘ನಾನು’ ಸಿಗಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ಅದನ್ನೂ ಬಿಟ್ಟು ಮುಂದೆ ಹೋಗುತ್ತಿದ್ದ. ಗೌಡರ ಮನೆಯ ಮೂಗು ಸೋರುವ ಹುಡುಗ ಅವನನ್ನು ‘ಬಾರೋ’ ‘ಹೋಗೋ’ ಅನ್ನುತ್ತಿದ್ದ. ತಾತ ಆ ಹುಡುಗನನ್ನು ‘ಚಿಕ್ಕ ಸೋಮೇರು’ ಅನ್ನುತ್ತಿದ್ದ.

ಇಂಗ್ಲಿಷಿನಲ್ಲಿ ‘ನಾನು’ ಅನ್ನಲು ‘ಐ’ ಎಂಬ ಒಂದೇ ಅಕ್ಷರ. ಅದು ವಾಕ್ಯದ ತಲೆಯಲ್ಲಿ ಬರಲಿ, ಹೊಟ್ಟೆಯಲ್ಲಿ ಬರಲಿ, ದೊಡ್ಡಕ್ಷರದಲ್ಲೇ ಬರೆಯಬೇಕು. ‘ನೀನು’ ‘ಅವನು’ ‘ಅವರು’ ಯಾವುದಕ್ಕೂ ಈ ಮರ್ಯಾದೆ ಇಲ್ಲ. ಇದು ಅಹಂಕಾರದ ಭಾಷೆ ಅನ್ನುವವರು ಅನ್ನಲಿ. ಮೂರು ತಲೆಮಾರು ‘ನಾನು’ ಅನ್ನದೆ ಬದುಕಿದವರ ಮಕ್ಕಳು ಆ ಅಕ್ಷರವನ್ನು ಹಲಗೆಯ ಮೇಲೆ ಕಂಬ ನೆಟ್ಟ ಹಾಗೆ ನೆಡುವುದನ್ನು ನಾನು ವಾರವಾರವೂ ನೋಡುತ್ತೇನೆ. ನನಗೆ ಅದರಲ್ಲಿ ಅಹಂಕಾರ ಕಾಣುವುದಿಲ್ಲ.

ಹಲಸೂರಿನ ಜೋಗುಪಾಳ್ಯದಲ್ಲಿ ಒಂದು ಅಂಗಡಿಯ ಮೇಲಿನ ಕೋಣೆ. ಭಾನುವಾರ ಸಂಜೆ ಅಲ್ಲಿ ಹದಿನೆಂಟು ಇಪ್ಪತ್ತು ಜನ ಸೇರುತ್ತೇವೆ. ಮರ್ಫಿಟೌನಿನ ತಮಿಳು ಮನೆಗಳ ಹುಡುಗರು, ಶಿವಾಜಿನಗರದಿಂದ ಬರುವ ಉರ್ದು ಮಾತಿನ ಹೆಣ್ಣುಮಕ್ಕಳು, ಕೆ.ಆರ್. ಪುರದಲ್ಲಿ ಬಾಡಿಗೆಗಿರುವ ನಮ್ಮ ಕೋಲಾರದ ಕಡೆಯವರು. ಕೆಲವರು ಬಿ.ಕಾಂ. ಓದುತ್ತಾರೆ, ಕೆಲವರಿಗೆ ದೊಡ್ಡ ಕಟ್ಟಡಗಳಲ್ಲಿ ಹೌಸ್‌ಕೀಪಿಂಗ್ ಕೆಲಸ, ಒಬ್ಬಿಬ್ಬರು ಬೈಕಿನಲ್ಲಿ ಮನೆಮನೆಗೆ ಊಟ ಮುಟ್ಟಿಸುತ್ತಾರೆ. ಯಾರೂ ಎಬಿಸಿಡಿ ಹಂತದವರಲ್ಲ. ಓದಿದರೆ ಅರ್ಥವಾಗುತ್ತದೆ, ಬರೆದರೂ ತಕ್ಕಮಟ್ಟಿಗೆ ಬರೆಯುತ್ತಾರೆ. ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ, ಸಣ್ಣ ಪದಗಳಲ್ಲಿ: ಐ, ವಿ, ಯೂ, ದೇ, ದಿ, ದಿಸ್, ದೋಸ್, ಸಮ್, ಎನಿ. ವ್ಯಾಕರಣದವರು ಇವುಗಳಲ್ಲಿ ಕೆಲವಕ್ಕೆ ಸರ್ವನಾಮ ಅನ್ನುತ್ತಾರೆ. ನಾಮಪದದ ಮುಂದೆ ನಿಂತು ಇಂಥದ್ದು, ಇಷ್ಟು, ಇವರದು ಎಂದು ಗೊತ್ತುಮಾಡುವ ಮಿಕ್ಕವನ್ನು ನಾವು ನಮ್ಮ ಕೋಣೆಯಲ್ಲಿ ‘ಬಾಗಿಲು ಕಾಯೋ ಪದಗಳು’ ಅನ್ನುತ್ತೇವೆ.

ಅಭ್ಯಾಸ ಪುಸ್ತಕಗಳನ್ನು ತಂದು ನೋಡಿದೆ. ಮೇರಿ, ಜಾನ್, ಅವರ ನಾಯಿ, ಅವರ ತೋಟ. ಖಾಲಿ ಜಾಗ ತುಂಬಿರಿ. ತುಂಬಿದರು, ಮರೆತರು. ಆಮೇಲೆ ವಾಕ್ಯಗಳನ್ನು ಅವರ ಬಾಯಿಂದಲೇ ತೆಗೆಸತೊಡಗಿದೆ. ‘ಎ’ ಮತ್ತು ‘ದಿ’ಗೆ ಅಜ್ಜಿ ಕತೆಯೇ ಸಾಕಾಯಿತು. ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ. ಮೊದಲ ಸಲ ಬಂದಾಗ ‘ಒಬ್ಬ’, ಗುರುತಾದ ಮೇಲೆ ‘ಆ’. ಕನ್ನಡದಲ್ಲಿ ಇದು ಕಡ್ಡಾಯವಲ್ಲ, ಇಂಗ್ಲಿಷಿನಲ್ಲಿ ಕಡ್ಡಾಯ. ವ್ಯತ್ಯಾಸ ಹೆಚ್ಚೂಕಮ್ಮಿ ಅಷ್ಟೇ. ಹಳ್ಳಿಯಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯೇ ಮಾಡಿ ನೋಡಬಹುದು.

‘ಮೈಸೆಲ್ಫ್ ಇಂಥವನು’ ಎಂದು ಪರಿಚಯ ಹೇಳಿಕೊಳ್ಳುವ ನಮ್ಮ ಹುಡುಗರನ್ನು ಕಂಡು ಕಾನ್ವೆಂಟಿನವರು ನಗುತ್ತಾರೆ. ‘ಐ ಆಮ್’ ಅನ್ನಬೇಕು, ಸರಿ. ಆದರೆ ನಮ್ಮವರು ಯಾಕೆ ಆ ಉದ್ದನೆಯ ಪದದ ಹಿಂದೆ ಹೋಗಿ ನಿಲ್ಲುತ್ತಾರೆ? ನನಗೇನೋ ಅದರಲ್ಲಿ ತಾತನ ದನಿ ಕೇಳಿಸುತ್ತದೆ. ಬರೀ ‘ಐ’ ಅಂದುಬಿಟ್ಟರೆ ಎಲ್ಲಿ ಬೈಸಿಕೊಳ್ಳಬೇಕಾಗುತ್ತದೋ ಎಂಬ ಹಿಂಜರಿಕೆ.

ಕನ್ನಡದಲ್ಲಿ ಕವಿತೆ ಬರೆಯುವವನಿಗೆ ಇಂಗ್ಲಿಷ್ ಪಾಠದ ಉಸಾಬರಿ ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಅವರಿಗೆ ೧೯೭೩ರ ನವೆಂಬರ್ ನೆನಪು ಮಾಡಬೇಕು. ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದದ್ದು ಎಲ್ಲರಿಗೂ ನೆನಪಿದೆ. ಅದೇ ಮಾತಿನ ಇನ್ನೊಂದು ತುದಿಯಲ್ಲಿ ಇಂಗ್ಲಿಷ್ ಕಲಿಯಿರಿ ಎಂಬ ಬುದ್ಧಿಮಾತಿತ್ತು. ಅದನ್ನು ಯಾರೂ ಎತ್ತುವುದಿಲ್ಲ. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು, ಆ ಏಟಿನಿಂದಲೇ ನಮ್ಮ ಸಂಘಟನೆಗಳು ಹುಟ್ಟಿದವು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿಯೂ ಅವರೇ. ತಲೆಯಿಂದ ಬಕೀಟು ಇಳಿಸಿದವರು ನಾಲಿಗೆಯ ಮೇಲೆ ಇಂಗ್ಲಿಷ್ ಇಟ್ಟುಕೊಳ್ಳಿ ಅಂದದ್ದು ಸುಮ್ಮನೆ ಇರಲಾರದು. ಕನ್ನಡ ನನ್ನ ಕವಿತೆಯ ಭಾಷೆ. ಆದರೆ ಈ ಕನ್ನಡದಲ್ಲೇ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲಿವೆ, ಮೂರನೆಯ ಮೆಟ್ಟಿಲಲ್ಲಿ ಯಾರು ಕೂರಬೇಕೆಂದು ಊರು ಮೊದಲೇ ತೀರ್ಮಾನ ಮಾಡಿಟ್ಟಿದೆ. ಉರ್ದುವಿನಲ್ಲೂ ಮೂರು: ತೂ, ತುಮ್, ಆಪ್. ತಮಿಳಿನ ‘ನೀ’ ಮತ್ತು ‘ನೀಂಗ’, ತೆಲುಗಿನ ‘ನುವ್ವು’ ಮತ್ತು ‘ಮೀರು’ ಕೂಡ ಇದೇ ಲೆಕ್ಕ. ತೆಲುಗಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮರ್ಯಾದೆ ಕೊಡದೆ ಹೆಂಗಸಿನ ಬಗ್ಗೆ ಮಾತಾಡಿದರೆ ಅವಳಿಗೂ ಕಸದ ಬುಟ್ಟಿಗೂ ಒಂದೇ ಪದ, ‘ಅದಿ’. ಕನ್ನಡ ಪತ್ರಿಕೆಗಳಲ್ಲೂ ಅಧಿಕಾರಿ ‘ತಿಳಿಸಿದ್ದಾರೆ’, ಮ್ಯಾನ್‌ಹೋಲಿನಲ್ಲಿ ಸತ್ತ ಕಾರ್ಮಿಕ ಎಷ್ಟೋ ಸಲ ‘ಮೃತಪಟ್ಟಿದ್ದಾನೆ’. ಸತ್ತ ಮೇಲಾದರೂ ಬಹುವಚನ ಕೊಡಬಾರದೆ?

ಇಂಗ್ಲಿಷಿನಲ್ಲಿ ಒಂದೇ ‘ಯೂ’. ಮ್ಯಾನೇಜರಿಗೂ ಅದೇ, ಗುಡಿಸುವವಳಿಗೂ ಅದೇ. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: ‘ಹಾಗಾದ್ರೆ ಇಂಗ್ಲಿಷ್‌ನೋರು ಎಲ್ರನ್ನೂ ನೀನು ಅಂತಾರಾ, ನೀವು ಅಂತಾರಾ ಅಣ್ಣಾ?’ ಒಳ್ಳೆಯ ಪ್ರಶ್ನೆ. ಅವರಲ್ಲೂ ಹಿಂದೆ ಎರಡಿತ್ತು. ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬವನ ಹಿಂದೆ ಹೊರಟ ಕ್ವೇಕರ್ ಎಂಬ ಪಂಗಡದವರು ನ್ಯಾಯಾಧೀಶನಿಗೂ ಸಿರಿವಂತನಿಗೂ ‘ನೀವು’ ಅನ್ನುವುದಿಲ್ಲವೆಂದು ಹಟ ಹಿಡಿದರು. ದೇವರ ಮುಂದೆ ಎಲ್ಲರೂ ‘ದೌ’ ಎಂದರು. ಒದೆ ತಿಂದರು, ಟೋಪಿ ತೆಗೆಯಲಿಲ್ಲವೆಂದು ಜೈಲಿಗೂ ಹೋದರು. ಅವರ ದಾರಿ ಗೆಲ್ಲಲಿಲ್ಲ, ಉಳಿದದ್ದು ‘ಯೂ’. ಅಂದರೆ ಇಂಗ್ಲಿಷಿನಲ್ಲಿ ಸತ್ತದ್ದು ‘ನೀನು’, ಬದುಕಿದ್ದು ‘ನೀವು’. ಇದನ್ನು ಕೇಳಿ ಆ ಹುಡುಗಿ ‘ಅಯ್ಯೋ, ಹಾಗಾದ್ರೆ ನಮ್ಮ ಸೂಪರ್‌ವೈಸರ್ರು ನಮಗೆ ಗೊತ್ತಿಲ್ದಂಗೆ ಮರ್ಯಾದೆ ಕೊಡ್ತಾವ್ರೆ’ ಅಂದಳು. ಕೋಣೆ ತುಂಬ ನಗು.

ನಗು ಬಹಳ ಹೊತ್ತು ಇರಲಿಲ್ಲ. ಯಾಕೆಂದರೆ ನಾವು ಕೂತಿದ್ದುದು ದಂಡಿನ ನೆಲದಲ್ಲಿ. ೧೮೦೯ರಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಬ್ರಿಟಿಷರು ಪಡೆ ತಂದು ಹಲಸೂರಿನ ಬದಿಗೆ ಇಳಿಸಿದರು. ಮದ್ರಾಸ್ ಸೈನ್ಯದ ಹಿಂದೆ ತಮಿಳು ಸೀಮೆಯ ದಲಿತರು ಬಂದರು. ಕಲ್ಲು ಹೊತ್ತರು, ಕುದುರೆ ತಿಕ್ಕಿದರು, ಅಡಿಗೆ ಮಾಡಿದರು. ೧೮೬೪ರಲ್ಲಿ ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಓಡಿತು, ಬ್ಲಾಕ್‌ಪಲ್ಲಿ ಎಂಬ ಹೆಸರಿನ ಪೇಟೆ ಬೆಳೆದು ಮುಂದೆ ಶಿವಾಜಿನಗರವಾಯಿತು. ಇವರೆಲ್ಲ ಒಂದೆರಡು ತಲೆಮಾರಿನಲ್ಲೇ ಇಂಗ್ಲಿಷ್ ಕಿವಿಗೆ ಹಾಕಿಕೊಂಡವರು. ಬಟ್ಲರ್ ಇಂಗ್ಲಿಷ್ ಎಂದು ನಗುತ್ತಾರಲ್ಲ, ಅದು ಶಾಲೆ ಕಾಣದವರು ದುಡಿಯುತ್ತ ದುಡಿಯುತ್ತ ಕಟ್ಟಿಕೊಂಡ ಭಾಷೆ. ಆ ಬಟ್ಲರನನ್ನು ದೊರೆಸಾನಿ ‘ಯೂ’ ಅಂದಳು, ನಿಜ. ಜೊತೆಗೆ ‘ಬಾಯ್’ ಎಂದೂ ಕೂಗಿದಳು. ತಲೆ ನರೆತ ಮುದುಕನೂ ‘ಬಾಯ್’. ಸರ್ವನಾಮದಲ್ಲಿ ಮೆಟ್ಟಿಲಿಲ್ಲದಿದ್ದರೆ ಮೆಟ್ಟಿಲನ್ನು ಬೇರೆ ಕಡೆ ಕಟ್ಟಿಕೊಳ್ಳುತ್ತಾರೆ. ಎಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದು ನನಗೆ ‘ಅನದರ್’ ಪಾಠದಲ್ಲಿ ತಿಳಿಯಿತು.

‘ಅನದರ್’ ಮತ್ತು ‘ದಿ ಅದರ್’, ಎರಡಕ್ಕೂ ಕನ್ನಡದಲ್ಲಿ ‘ಇನ್ನೊಂದು’ ಅಂದುಬಿಡುತ್ತೇವೆ. ನಡುಹಂತದ ಕಲಿಕೆಯಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಇದು. ‘ಅನದರ್’ ಎಂದರೆ ಅಂಥದ್ದೇ ಮತ್ತೊಂದು. ಎಷ್ಟಾದರೂ ಇರಬಹುದು, ಯಾವುದಾದರೂ ಆದೀತು. ‘ದಿ ಅದರ್’ ಎಂದರೆ ಇರುವುದೇ ಎರಡು, ಒಂದನ್ನು ಆಗಲೇ ಹೇಳಿಯಾಗಿದೆ, ಮಿಕ್ಕ ಆ ಒಂದು. ಉದಾಹರಣೆ ಬೇಕಲ್ಲ, ಟೀ ಅಂಗಡಿ ತೆಗೆದೆ. ಗೆಳೆಯನ ಜೊತೆ ಕೂತು ‘ಅನದರ್ ಗ್ಲಾಸ್’ ಅಂದರೆ ಇನ್ನೊಂದು ಟೀ ಬರುತ್ತದೆ. ‘ದಿ ಅದರ್ ಗ್ಲಾಸ್’ ಅಂದರೆ? ನಾನು ಮುಂದೆ ಹೇಳಬೇಕಾಗಲಿಲ್ಲ. ಬಂಗಾರಪೇಟೆ ಕಡೆಯ ಹುಡುಗ ತಲೆ ಎತ್ತದೆ ಹೇಳಿದ: ‘ಹೊರಗೆ ಸೂರಿಗೆ ಸಿಕ್ಸಿರೋದು ಅಣ್ಣಾ.’

ಆ ಲೋಟ ನಮಗೆಲ್ಲ ಗೊತ್ತು. ಕುಡಿದು ನಾವೇ ತೊಳೆದು ಅಲ್ಲೇ ಸಿಕ್ಕಿಸಿ ಬರಬೇಕಾದ ಲೋಟ. ಕನ್ನಡದ ‘ಇನ್ನೊಂದು’ ಆ ಎರಡನ್ನೂ ಒಂದೇ ಚಾಪೆಯ ಕೆಳಗೆ ತಳ್ಳಿತ್ತು. ಇಂಗ್ಲಿಷ್ ವ್ಯಾಕರಣ ಅದನ್ನು ಬಿಡಿಸಿ ತೋರಿಸಿತು. ಬರೆಯುವಾಗಲೂ ನೋಡಿ: ‘ಅನದರ್’ನಲ್ಲಿ ‘ಅನ್’ ಮತ್ತು ‘ಅದರ್’ ಕೂಡಿಕೊಂಡು ಒಂದೇ ಪದವಾಗಿವೆ. ‘ದಿ ಅದರ್’ ಬರೆಯುವಾಗ ನಡುವೆ ಜಾಗ ಬಿಡಬೇಕು.

ಆಮೇಲೆ ಅವರೇ ತಂದು ಸುರಿದರು. ಹೌಸ್‌ಕೀಪಿಂಗ್ ಹುಡುಗಿ ತಾನು ಕೆಲಸ ಮಾಡುವ ಕಟ್ಟಡದ ನೋಟೀಸನ್ನು ಫೋನಿನಲ್ಲಿ ತೋರಿಸಿದಳು. ಮನೆಕೆಲಸದವರು, ಸಾಮಾನು ತರುವವರು ದಯವಿಟ್ಟು ‘ದಿ ಅದರ್ ಲಿಫ್ಟ್’ ಬಳಸತಕ್ಕದ್ದು. ಎಷ್ಟು ನಯವಾದ ಇಂಗ್ಲಿಷ್, ‘ಪ್ಲೀಸ್’ ಕೂಡ ಇದೆ. ಕಸದ ಚೀಲಕ್ಕೂ ಅವಳಿಗೂ ಒಂದೇ ಲಿಫ್ಟು. ಊಟ ಮುಟ್ಟಿಸುವ ಹುಡುಗ ಅಂದ: ‘ಲೋಟ ಸ್ಟೀಲ್ ಡಬ್ಬ ಆಗಿ ಮೇಲೂ ಕೆಳಗೂ ಓಡಾಡ್ತದೆ.’ ಈ ಮಾತನ್ನು ಕವಿತೆಯಲ್ಲಿ ಕದಿಯಬೇಕೆಂದು ಬರೆದಿಟ್ಟುಕೊಂಡಿದ್ದೇನೆ.

ಇನ್ನೊಬ್ಬನ ಕತೆ ಬೇರೆ. ಬಿ.ಕಾಂ. ಮುಗಿಸಿ ಒಂದು ಕಚೇರಿಯ ಸಂದರ್ಶನಕ್ಕೆ ಹೋಗಿದ್ದ. ಅಂಕಪಟ್ಟಿ ನೋಡಿದರು, ಜಾತಿ ಸರ್ಟಿಫಿಕೇಟು ಕೇಳದೆಯೇ ಊರು, ಹಾಸ್ಟೆಲು, ಸ್ಕಾಲರ್‌ಶಿಪ್ಪು ಎಲ್ಲ ಕೇಳಿ ತಿಳಿದುಕೊಂಡರು. ಕೊನೆಗೆ ಒಬ್ಬರು ‘ಯೂ ಪೀಪಲ್’ಗೆ ಎಲ್ಲ ಸಿಕ್ಕಿಬಿಡುತ್ತದೆ ಎಂದು ನಕ್ಕರು. ಅವನಿಗೆ ಆ ಕ್ಷಣ ಏನು ಚುಚ್ಚಿತು ಎಂದು ಗೊತ್ತಾಗಲಿಲ್ಲವಂತೆ. ‘ಯೂ’ ಒಳ್ಳೆಯ ಪದ, ‘ಪೀಪಲ್’ ಒಳ್ಳೆಯ ಪದ. ಎರಡನ್ನು ಪಕ್ಕಪಕ್ಕ ಇಟ್ಟರೆ ಕೇರಿ. ಆ ವಾರ ನಾವು ‘ಪೀಪಲ್’ ಎಂಬ ಒಂದೇ ಪದ ಹಲಗೆಯ ನಡುವೆ ಬರೆದು ಅದರ ಬಾಗಿಲು ಕಾಯುವ ಪದಗಳನ್ನು ಒಂದೊಂದಾಗಿ ಬದಲಾಯಿಸಿದೆವು. ‘ದೋಸ್ ಪೀಪಲ್’, ದೂರದವರು. ‘ಸಮ್ ಪೀಪಲ್’, ಹೆಸರು ಹೇಳದೆ ಬೈಯಬೇಕಾದವರು. ‘ಸಚ್ ಪೀಪಲ್’, ಮನೆ ಬಾಡಿಗೆಗೆ ಕೊಡಬಾರದವರು. ‘ಮೈ ಪೀಪಲ್’ ಬಂದಾಗ ಸಿದ್ಧಲಿಂಗಯ್ಯನವರನ್ನು ನೆನೆದೆ. ೧೯೭೫ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ‘ನನ್ನ ಜನಗಳು’ ಎಂಬ ಹೆಸರಿನ ಕವಿತೆಯಿದೆ. ‘ಆ ಜನ’ ಎಂದು ಊರು ಕೈ ತೋರಿಸುತ್ತಿದ್ದವರ ಮುಂದೆ ಒಬ್ಬ ಹುಡುಗ ಬಂದು ‘ನನ್ನ’ ಎಂಬ ಎರಡಕ್ಷರ ನಿಲ್ಲಿಸಿದ. ಬಂಡಾಯ ಅಂದರೆ ಎಷ್ಟೋ ಸಲ ಇಷ್ಟು ಸಣ್ಣ ಪದದ ಬದಲಾವಣೆ.

‘ದಿ ಪೀಪಲ್’ ಎಂದು ಬರೆದಾಗ ಯಾರೋ ಅದರ ಹಿಂದೆ ‘ವಿ’ ಸೇರಿಸಿದರು. ಸಂವಿಧಾನದ ಪೀಠಿಕೆ ಶುರುವಾಗುವುದೇ ಹಾಗೆ, ಒಂದು ಸರ್ವನಾಮ, ಒಂದು ಬಾಗಿಲು ಪದ, ಆಮೇಲೆ ಜನ. ಆಗ ಮರ್ಫಿಟೌನಿನ ಹುಡುಗ ಕೇಳಿದ: ‘ಈ ವಿ ನಾಂಗಳಾ, ನಾಮಾ?’

ಕನ್ನಡದವರಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ತಮಿಳಿನಲ್ಲಿ ‘ನಾವು’ ಎರಡು. ಎದುರಿಗೆ ಕೇಳುತ್ತ ನಿಂತವನನ್ನೂ ಸೇರಿಸಿಕೊಂಡರೆ ‘ನಾಮ್’. ಅವನನ್ನು ಹೊರಗಿಟ್ಟು ನಾವಷ್ಟೇ ಎಂದರೆ ‘ನಾಂಗಳ್’. ತೆಲುಗಿನಲ್ಲೂ ಹಾಗೇ, ಸೇರಿಸಿದರೆ ‘ಮನಮು’, ಹೊರಗಿಟ್ಟರೆ ‘ಮೇಮು’. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ. ಊರ ಪಂಚಾಯ್ತಿಯಲ್ಲಿ ‘ನಾವು ಜಾತ್ರೆ ಮಾಡಬೇಕು’ ಅಂದಾಗ ತಮಟೆ ಹಿಡಿದು ಹೊರಗೆ ನಿಂತವನು ಆ ‘ನಾವು’ ಒಳಗಿದ್ದಾನೋ ಇಲ್ಲವೋ ಭಾಷೆ ಹೇಳುವುದಿಲ್ಲ. ಚಂದಾ ಎತ್ತುವಾಗ ಒಳಗೆ, ತೇರು ಎಳೆಯುವಾಗ ಹೊರಗೆ.

ಮುಂದಿನ ಭಾನುವಾರ ತಮ್ಮ ತಂಗಿಯರ ಶಾಲೆ ಪುಸ್ತಕ ತನ್ನಿ ಅಂದೆ. ಪೀಠಿಕೆ ಪುಸ್ತಕದ ಮೊದಲಲ್ಲೇ ಅಚ್ಚಾಗಿರುತ್ತದೆ. ತೆಲುಗಿನದನ್ನು ಫೋನಿನಲ್ಲಿ ಹುಡುಕಿದೆವು. ತಮಿಳಿನ ಪೀಠಿಕೆಯಲ್ಲಿ ‘ನಾಮ್’ ಇದೆ. ತೆಲುಗಿನದರಲ್ಲಿ ‘ಮೇಮು’. ಒಂದೇ ಸಂವಿಧಾನ, ತಮಿಳಿನಲ್ಲಿ ಅದು ಓದುವವನ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತದೆ, ತೆಲುಗಿನಲ್ಲಿ ಎದುರಿಗೆ ನಿಂತು ಘೋಷಿಸುತ್ತದೆ. ಕೋಲಾರದ ಹುಡುಗರು ಪೆಚ್ಚಾದರು. ‘ಮಮ್ಮಲ್ನಿ ಬೈಟ ಪೆಟ್ಟಿನಾರಾ?’ ನಮ್ಮನ್ನು ಹೊರಗಿಟ್ಟರಾ? ಅದಕ್ಕೆ ಮರ್ಫಿಟೌನಿನವನು, ‘ಇಲ್ಲ ಮಚ್ಚಾ, ಆ ಮೇಮುನೇ ನೀವು. ಹೊರಗಿರೋದು ಬ್ರಿಟಿಷರು’ ಅಂದ. ವಾದ ರಾತ್ರಿ ಒಂಬತ್ತರವರೆಗೆ ನಡೆಯಿತು. ಹೊರಗಿರುವುದು ಬ್ರಿಟಿಷರೋ ಗೌಡರೋ ಎಂಬುದು ತೀರ್ಮಾನವಾಗಲಿಲ್ಲ. ಯಾವ ಅಭ್ಯಾಸ ಪುಸ್ತಕದ ಖಾಲಿ ಜಾಗಕ್ಕಾಗಿ ಯಾರು ಅಷ್ಟು ಹೊತ್ತು ಕೂರುತ್ತಾರೆ ಹೇಳಿ.

ಈ ಊರಿಗೆ ‘ನಮ್ಮ’ ಎಂಬ ಪದದ ಮೇಲೆ ಭಾರೀ ಮೋಹ. ನಮ್ಮ ಬೆಂಗಳೂರು, ನಮ್ಮ ಮೆಟ್ರೊ, ನಮ್ಮ ಕ್ಲಿನಿಕ್. ೨೦೨೪ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ಒಬ್ಬ ರೈತನನ್ನು ಬಟ್ಟೆ ಕೊಳೆ ಎಂದು ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ಜೊತೆಯ ಪ್ರಯಾಣಿಕರು ಜಗಳ ಮಾಡಿ ಒಳಗೆ ಬಿಡಿಸಿದರು, ವಿಡಿಯೋ ಊರೆಲ್ಲ ಓಡಾಡಿತು, ತಡೆದವನ ಕೆಲಸ ಹೋಯಿತು. ಆ ದಿನ ಆ ‘ನಮ್ಮ’ ತಮಿಳಿನ ಯಾವ ‘ನಾವು’ ಆಗಿತ್ತು ಎಂದು ಹುಡುಗರನ್ನು ಕೇಳಿದೆ. ಎಲ್ಲರೂ ಒಟ್ಟಿಗೆ ಕೂಗಿದರು.

‘ಸಮ್’, ‘ಎನಿ’ ಪಾಠ ಬೇಗ ಮುಗಿಯಿತು. ಇದೆ ಎನ್ನುವಾಗ ‘ಸಮ್’, ಇಲ್ಲ ಎನ್ನುವಾಗ, ಕೇಳುವಾಗ ‘ಎನಿ’. ಪುಸ್ತಕ ಇಷ್ಟು ಹೇಳಿ ಬಿಡುತ್ತದೆ. ಹದಿನೇಳನೆಯ ವಿಧಿ ತೆಗೆದು ಓದಿದೆವು. ಸಂವಿಧಾನ ಸಭೆ ಅದನ್ನು ಒಪ್ಪಿದ್ದು ೧೯೪೮ರ ನವೆಂಬರ್ ೨೯ರಂದು. ಅಸ್ಪೃಶ್ಯತೆಯ ಆಚರಣೆ ಯಾವುದೇ ರೂಪದಲ್ಲಿದ್ದರೂ ನಿಷಿದ್ಧ ಎನ್ನುವ ಕಡೆ ಇಂಗ್ಲಿಷಿನಲ್ಲಿ ಇರುವುದು ‘ಎನಿ’. ಬಾಬಾಸಾಹೇಬರ ಕರಡು ಸಮಿತಿ ಆ ಜಾಗದಲ್ಲಿ ಲೋಟ, ಬಾವಿ, ಗುಡಿ ಎಂದು ಪಟ್ಟಿ ಮಾಡಿ ಕೂತಿದ್ದರೆ ಲಿಫ್ಟು ತಪ್ಪಿಸಿಕೊಂಡುಬಿಡುತ್ತಿತ್ತು. ‘ಎನಿ’ ಎಂದದ್ದರಿಂದ ಇನ್ನೂ ಹುಟ್ಟದ ರೂಪವೂ ಅದರೊಳಗೆ ಸಿಕ್ಕಿಬಿದ್ದಿದೆ. ಹೌಸ್‌ಕೀಪಿಂಗ್ ಹುಡುಗಿ ತನ್ನ ನೋಟುಪುಸ್ತಕದಲ್ಲಿ ‘ಎನಿ’ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಲಿಫ್ಟಿನ ಚಿತ್ರ ಬರೆದಳು.

ನಮ್ಮಮ್ಮ ಇಂದಿರಾನಗರದಲ್ಲಿ ಪೌರಕಾರ್ಮಿಕಳು. ಬೆಳಿಗ್ಗೆ ಕತ್ತಲಿರುವಾಗಲೇ ಕೆ.ಆರ್. ಪುರದಿಂದ ಹೊರಡುತ್ತಾಳೆ. ಈ ಪಾಠದ ಕತೆಗಳನ್ನೆಲ್ಲ ರಾತ್ರಿ ಅವಳಿಗೆ ಹೇಳುತ್ತೇನೆ. ಒಂದು ರಾತ್ರಿ ಅವಳೇ ಒಂದು ವಾಕ್ಯ ಕೇಳಿದಳು. ಅವಳು ಗುಡಿಸುವ ರಸ್ತೆಯ ಒಂದು ಮನೆಯಲ್ಲಿ ನನ್ನ ವಯಸ್ಸಿನ ಒಬ್ಬನಿದ್ದಾನೆ. ಗೇಟಿನಿಂದ ‘ಏಯ್, ಇಲ್ಲಿ ಗುಡ್ಸು, ಅಲ್ಲಿ ಬಿಟ್ಟಿದೀಯ ನೋಡು’ ಅನ್ನುತ್ತಾನೆ. ‘ನನ್ನ ನೀವು ಅನ್ನಪ್ಪ ಅನ್ನೋದನ್ನ ಇಂಗ್ಲೀಷಲ್ಲಿ ಎಂಗಂತಾರೆ? ಅವನಿಗೆ ಇಂಗ್ಲೀಷಲ್ಲಿ ಏಳುದ್ರೇನೆ ನಾಟೋದು.’

ಕೂತು ನೋಡಿದೆ. ಆ ವಾಕ್ಯ ಇಂಗ್ಲಿಷಿಗೆ ಹೋಗುವುದಿಲ್ಲ. ‘ಯೂ’ ಅನ್ನಬೇಡ, ‘ಯೂ’ ಅನ್ನು ಎಂದಾಗುತ್ತದೆ. ಅಮ್ಮನಿಗೆ ಹೇಳಿದೆ. ‘ಅಷ್ಟು ಓದಿ ಇದೊಂದು ಬರಲ್ವಾ’ ಅಂದು ದೀಪ ಆರಿಸಿದಳು.

ನಾಲ್ಕು ದಿನ ಬಿಟ್ಟು ಅವಳೇ ಕನ್ನಡದಲ್ಲಿ ಹೇಳಿ ಬಂದಿದ್ದಳು. ಪೊರಕೆ ಗೋಡೆಗೆ ಒರಗಿಸಿ, ‘ಅಪ್ಪಾ, ನಿನ್ನ ವಯಸ್ಸಿನ ಮಗ ಅವ್ನೆ ನಂಗೆ. ನೀವು ಅನ್ನು’ ಅಂದಳಂತೆ. ಅವನು ಏನೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಗೇಟಿನ ಹತ್ತಿರ ನಿಂತು, ಅವಳ ಕಡೆ ನೋಡದೆ, ರಸ್ತೆಗೆ ಹೇಳುವವನಂತೆ ‘ಇಲ್ಲಿ ಕ್ಲೀನ್ ಆಗ್ಬೇಕು, ಆ ಕಡೆ ಎಲೆ ಉಳ್ದಿದೆ’ ಅನ್ನುತ್ತಾನಂತೆ.

‘ಈಗ ನೀನೂ ಇಲ್ಲ, ನೀವೂ ಇಲ್ಲ. ಬಾಯಲ್ಲಿ ಏನೋ ಸಿಕ್ಕಾಕ್ಕಂಡೈತೆ ಅವನಿಗೆ’ ಎಂದು ಅಮ್ಮ ಸಾರಿನ ಪಾತ್ರೆ ಇಳಿಸುತ್ತಾ ನಕ್ಕಳು.